ಮೊದಲ ಸೆಮಿಸ್ಟರ್‌ನಲ್ಲೇ ಬ್ಯಾಕ್ ಉಳಿಯುವ ಮಕ್ಕಳು: ಕಾಲೇಜಿನಲ್ಲಿ ಓದಿನ ನೆರವು ಹೇಗಿದ್ದರೆ ಉಪಯೋಗ?

ಕಾಮರ್ಸ್ ಉಪನ್ಯಾಸಕ, ಕೊಪ್ಪಳ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿ.ಕಾಂ ಮಕ್ಕಳಿಗೆ ಪಾಠ ಮಾಡುತ್ತೇನೆ. ಹೊಸ ಬ್ಯಾಚ್ ಬರುವ ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಬೇಕಾಗಿದೆ. ಅದಕ್ಕೆ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವರ ಅನುಭವ ಬೇಕು.

ಮೊದಲ ವರ್ಷದ ಅಕೌಂಟಿಂಗ್ ಪೇಪರ್ ಪ್ರತಿ ಸಲವೂ ಬಹಳ ಮಕ್ಕಳನ್ನು ಕೆಡವುತ್ತದೆ. ಪಿಯುಸಿಯಲ್ಲಿ ಆರ್ಟ್ಸ್ ಓದಿ ಬಂದವರು ಡೆಬಿಟ್, ಕ್ರೆಡಿಟ್ ಮುಖವನ್ನೇ ನೋಡಿರುವುದಿಲ್ಲ. ಪಿಯುಸಿ ಕಾಮರ್ಸ್‌ನವರಿಗೂ ಪ್ರಾಬ್ಲಂ ಬಾಯಿಪಾಠ ಮಾಡಿ ಪಾಸಾದ ಅಭ್ಯಾಸ. ಒಂದು ಪೇಪರ್ ಬ್ಯಾಕ್, ಅಂದರೆ ಪಾಸಾಗದೆ ಉಳಿದರೆ ಮುಂದಿನ ಸೆಮಿಸ್ಟರ್ ಪಾಠದ ಜೊತೆ ಹಳೆಯದನ್ನೂ ಎಳೆಯಬೇಕು. ಮೂರನೇ ಸೆಮಿಸ್ಟರ್ ಹೊತ್ತಿಗೆ ಕೆಲವರು ಕಾಲೇಜಿಗೆ ಬರುವುದನ್ನೇ ಬಿಡುತ್ತಾರೆ. ಅವರಲ್ಲಿ ಹೆಚ್ಚಿನವರು ಮನೆಗೆ ಮೊದಲ ಡಿಗ್ರಿ ತರಬೇಕಾಗಿದ್ದವರು. ಹಾಜರಿ ಕರೆಯುವಾಗ ಆ ಹೆಸರು ದಾಟಿ ಮುಂದೆ ಹೋಗುವುದು ನನಗೆ ಇವತ್ತಿಗೂ ಕಷ್ಟ.

ಕಾಲೇಜಿನಲ್ಲಿ ನೆರವೇ ಇಲ್ಲ ಎನ್ನಲಾರೆ. ಓದಿನಲ್ಲಿ ಹಿಂದೆ ಬಿದ್ದವರಿಗೆ ಹೆಚ್ಚುವರಿ ಪಾಠದ ರೆಮಿಡಿಯಲ್ ಕ್ಲಾಸ್ ಇದೆ, ಒಬ್ಬೊಬ್ಬ ಉಪನ್ಯಾಸಕರಿಗೆ ಇಷ್ಟು ಮಕ್ಕಳು ಅಂತ ಮೆಂಟರ್ ಹಂಚಿಕೆ ಇದೆ, ಎಸ್‌ಸಿ ಎಸ್‌ಟಿ ಘಟಕ, ಕುಂದುಕೊರತೆ ಸಮಿತಿ, ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಘಟಕ ಎಲ್ಲ ಇವೆ. ಮಕ್ಕಳು ಮಾತ್ರ ಬರುವುದಿಲ್ಲ. ಇಂಟರ್ನಲ್‌ನಲ್ಲಿ, ಅಂದರೆ ಕಾಲೇಜೇ ನಡೆಸುವ ಕಿರುಪರೀಕ್ಷೆಯಲ್ಲಿ, ಕಡಿಮೆ ಬಂದವರ ಪಟ್ಟಿ ನೋಟಿಸ್ ಬೋರ್ಡಿಗೆ ಬೀಳುತ್ತದೆ, ಆ ಪಟ್ಟಿಯಲ್ಲಿದ್ದವರು ಮರುದಿನದಿಂದ ತಲೆ ತಗ್ಗಿಸಿ ಓಡಾಡುತ್ತಾರೆ. ಯಾವ ರೀತಿ ನೆರವು ಕೊಟ್ಟರೆ ಅವರು ಬಂದಾರು? ನಿಮ್ಮಲ್ಲಿ ಏನು ನಡೆದಿದೆ, ಏನು ನಡೆದಿಲ್ಲ, ಎರಡನ್ನೂ ಬರೆಯಿರಿ.

ಮಾನ್ವಿ ಕಡೆಯಾಕಿ, ಬಿಎ ಎರಡನೇ ವರ್ಷ

ಸರ್, ನಾ ನೇರ ಹೇಳ್ತೀನ್ರಿ. ಕ್ಲಾಸ್ ಬ್ಯಾಡ ಅಂತಲ್ಲ. ನಮ್ ಕಾಲೇಜಿನ್ಯಾಗ ರೆಮಿಡಿಯಲ್ ಇಡೋದು ಸಂಜಿ ನಾಕರ ಮ್ಯಾಲ. ನಮ್ಮೂರ ಬಸ್ಸು ಬರೋದೂ ಅದೇ ಹೊತ್ತಿಗೆ. ಅದು ತಪ್ಪಿದ್ರ ಕತ್ತಲಾದ ಮ್ಯಾಲ ಮನಿ ಮುಟ್ಟಬೇಕು. 2023ರ ಜೂನ್‌ನ್ಯಾಗ ಶಕ್ತಿ ಯೋಜನೆ ಬಂದ ಮ್ಯಾಲ ಟಿಕೀಟಿನ ಚಿಂತಿ ಹೋತು, ಖರೆ. ಬಸ್ಸಿನ ಟೈಮು ಅದೇ ಐತಲ್ರಿ. ಎರಡು ದಿನ ಕತ್ತಲಾಗಿ ಹೋದ್ರ ಮನ್ಯಾಗ ಕಾಲೇಜು ಸಾಕು ಅಂತಾರ.

ಇನ್ನೊಂದು, ದೀಪಾವಳಿ ಮುಗೀತಂದ್ರ ಹತ್ತಿ ಬಿಡಿಸೋದು ಶುರು. ಅವಾಗ ಮನ್ಯಾಗ ಎಲ್ಲಾರೂ ಹೊಲಕ್ಕ. ಅದೇ ಹೊತ್ತಿನ್ಯಾಗ ಇಂಟರ್ನಲ್ ಇರ್ತಾವ. ಆಮ್ಯಾಲ ಹಾಜರಿ 75 ಆಗಿಲ್ಲ ಅಂತ ಹೆಸರು ಹಚ್ಚತಾರ. ಆ ಟೈಮಿನ್ಯಾಗ ಹೋದ ಪಾಠನ ಯಾರರ ಕುಂದ್ರಿಸಿ ಹೇಳಿದ್ರ ಸಾಕ್ರಿ, ಮತ್ತೇನೂ ಬ್ಯಾಡ.

ನಿವೃತ್ತ ಪ್ರಾಂಶುಪಾಲ, ಬಳ್ಳಾರಿ

ಉಪನ್ಯಾಸಕ ಮಿತ್ರರೇ, ಈ ರೆಮಿಡಿಯಲ್ ಕ್ಲಾಸ್ ಹೇಗೆ ಬಂತು ಅಂತ ಸ್ವಲ್ಪ ಹೇಳುತ್ತೇನೆ. 11 ಮತ್ತು 12ನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, ಅಂದರೆ 2007ರಿಂದ 2017ರ ನಡುವೆ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಪರಿಹಾರ ಬೋಧನೆಗೆ ಪ್ರತ್ಯೇಕ ಅನುದಾನ ಕೊಡುತ್ತಿತ್ತು. ಪಾಠ ಮಾಡಿದವರಿಗೆ ಗೌರವಧನ, ಮಕ್ಕಳಿಗೆ ಪುಸ್ತಕ, ಎರಡಕ್ಕೂ ಹಣವಿತ್ತು. ಯೋಜನೆಯ ಕಾಲ ಮುಗಿಯಿತು. ಹಣ ನಿಂತ ಮೇಲೂ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಕಲಿಕಾ ಮಟ್ಟ ಗುರುತಿಸಿದ್ದೀರಾ, ಮೆಂಟರ್ ಒಬ್ಬರಿಗೆ ಎಷ್ಟು ವಿದ್ಯಾರ್ಥಿಗಳು ಎಂಬ ಪ್ರಶ್ನೆಗಳು ಉಳಿದವು. ಪ್ರಶ್ನೆ ಉಳಿದು ಹಣ ಹೋದರೆ ರಿಜಿಸ್ಟರ್ ಮಾತ್ರ ತುಂಬುತ್ತದೆ. ಇದಕ್ಕೆ ಉಪನ್ಯಾಸಕರನ್ನು ದೂರುವುದು ತಪ್ಪು.

2019ರಲ್ಲಿ ಯುಜಿಸಿ ಹೊಸ ವಿದ್ಯಾರ್ಥಿಗಳಿಗಾಗಿ ದೀಕ್ಷಾರಂಭ ಎಂಬ ಮಾರ್ಗದರ್ಶಿ ತಂದಿತು. ಮೊದಲ ದಿನಗಳಲ್ಲೇ ಕಾಲೇಜು, ಗ್ರಂಥಾಲಯ, ಅಧ್ಯಾಪಕರು, ಸೀನಿಯರ್‌ಗಳ ಪರಿಚಯ ಆಗಬೇಕು ಎಂಬುದು ಅದರ ಆಶಯ. ಅದನ್ನು ಒಂದು ದಿನದ ಹೂಗುಚ್ಛ, ಭಾಷಣದ ಕಾರ್ಯಕ್ರಮಕ್ಕೆ ಇಳಿಸದೆ ಸರಿಯಾಗಿ ಮಾಡಿದರೆ ಅರ್ಧ ಕೆಲಸ ಆಗುತ್ತದೆ. ಯಾವ ಬಾಗಿಲು ಬಡಿಯಬೇಕು ಅಂತ ಗೊತ್ತಿಲ್ಲದೆ ಸೋತ ಮಕ್ಕಳನ್ನು ನಾನು ಸೇವೆಯುದ್ದಕ್ಕೂ ನೋಡಿದ್ದೇನೆ.

ಜೀನ್ಸ್ ಯೂನಿಟ್ ನೈಟ್ ಶಿಫ್ಟ್, ಬಿಎಸ್ಸಿ

ನಮ್ದು ಬಳ್ಳಾರಿ. ಕಾಲೇಜ್ ಮುಗಿಸಿ ಸಂಜೆ ಜೀನ್ಸ್ ಯೂನಿಟ್‌ಗೆ ಹೋಗ್ತೀನಿ, ಪೀಸ್ ಲೆಕ್ಕದಾಗೆ ದುಡ್ಡು. ನಂಗೆ ಸಂಜೆ ಕ್ಲಾಸ್ ಅಂದ್ರೆ ಆವತ್ತಿನ ಕೂಲಿ ಹೋದಂಗೆ. ಮೆಂಟರ್ ಸರ್ ಒಳ್ಳೇರು, ಆದ್ರೆ ಹೋದಾಗೆಲ್ಲ ರಿಜಿಸ್ಟರ್‌ಗೆ ಸಹಿ ಹಾಕಿಸ್ಕೊಂಡು ಚೆನ್ನಾಗಿ ಓದಪ್ಪ ಅಂತಾರೆ. ಇಂಟಿಗ್ರೇಷನ್ ಎಲ್ಲಿ ತಪ್ಪುತ್ತೆ ಅಂತ ತೋರ್ಸೋರು ಬೇಕು ನಂಗೆ.

ಸಂಡೂರಿನವನು, ಈಗ ಬೆಂಗಳೂರು

ಡಿಗ್ರಿ ಬಳ್ಳಾರಿಯಲ್ಲಿ ಮುಗಿಸಿ ಮಾಸ್ಟರ್ಸ್‌ಗೆ ಅಮೆರಿಕಕ್ಕೆ ಹೋಗಿದ್ದೆ. ಅಲ್ಲಿ ಡಿಗ್ರಿ ಮಕ್ಕಳ ಓದಿಗೆ ನೆರವಾಗುವ ಕಚೇರಿಯಲ್ಲಿ ಕೆಲಸ ಮಾಡಿದ್ದರಿಂದ ಒಂದು ಪದ್ಧತಿ ಹತ್ತಿರದಿಂದ ನೋಡಿದೆ. ಅದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಅದಕ್ಕೆ ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಅಂತಾರೆ. 1973ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕ್ಯಾಂಪಸ್‌ನಲ್ಲಿ ಡಿಯಾನಾ ಮಾರ್ಟಿನ್ ಶುರು ಮಾಡಿದ್ದು. ಸರ್ ಕೇಳಿದ ಪಟ್ಟಿಯ ಸಮಸ್ಯೆಗೆ ಅದರಲ್ಲಿ ಒಂದು ನೇರ ಉತ್ತರವಿದೆ. ದಡ್ಡ ವಿದ್ಯಾರ್ಥಿ ಯಾರು ಅಂತ ಅವರು ಹುಡುಕಲೇ ಇಲ್ಲ. ಕಷ್ಟದ ಪೇಪರ್ ಯಾವುದು ಅಂತ ಹುಡುಕಿದರು. ಯಾವ ಪೇಪರ್‌ನಲ್ಲಿ ನೂರಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಕೆಳಗಿನ ಗ್ರೇಡ್ ಪಡೆಯುತ್ತಾರೋ, ಫೇಲ್ ಆಗುತ್ತಾರೋ, ನಡುವೆ ಬಿಡುತ್ತಾರೋ, ಆ ಪೇಪರ್‌ಗೆ ನೆರವು. ಆ ತರಗತಿಯ ಯಾರು ಬೇಕಾದರೂ ಬರಬಹುದು. ರ‍್ಯಾಂಕ್ ಬರುವ ಹುಡುಗಿಯೂ ಅಲ್ಲೇ ಕೂತಿರುತ್ತಾಳೆ, ಎರಡು ಸಲ ಉಳಿದವನೂ ಕೂತಿರುತ್ತಾನೆ. ನಾಚಿಕೆಗೆ ಜಾಗವೇ ಇಲ್ಲ.

ನಡೆಸುವವರು ಅದೇ ಪೇಪರ್ ಚೆನ್ನಾಗಿ ಪಾಸಾದ ಸೀನಿಯರ್. ಅವರು ಮತ್ತೆ ಆ ಕ್ಲಾಸಿಗೆ ಬಂದು ಹಿಂದೆ ಕೂತು ಪಾಠ ಕೇಳುತ್ತಾರೆ, ಆಮೇಲೆ ವಾರದಲ್ಲಿ ಕೆಲವು ಸಲ ಗುಂಪು ಕೂಡಿಸುತ್ತಾರೆ. ಮುಖ್ಯ ನಿಯಮ ಏನೆಂದರೆ ಸೀನಿಯರ್ ಮತ್ತೆ ಪಾಠ ಮಾಡಬಾರದು, ಬೋರ್ಡ್ ಮೇಲೆ ತಾನೇ ಪ್ರಾಬ್ಲಂ ಬಿಡಿಸಬಾರದು. ಪ್ರಶ್ನೆ ಹಾಕಿ ಮಕ್ಕಳ ಕೈಯಲ್ಲೇ ಬಿಡಿಸಬೇಕು.

ಕಾಮರ್ಸ್ ಉಪನ್ಯಾಸಕ, ಕೊಪ್ಪಳ ಜಿಲ್ಲೆ

ಪೇಪರ್ ಹಿಡಿದು ನೆರವು ಕೊಡುವುದು ಮನಸ್ಸಿಗೆ ಬಹಳ ಹಿಡಿಸಿತು. ಸೀನಿಯರ್ ಪಾಠ ಮಾಡಬಾರದು ಅಂದಿರಲ್ಲ, ಅದು ನಮ್ಮ ಪ್ರಾಬ್ಲಂ ಪೇಪರ್‌ಗೆ ಹೇಗೆ ಕೂಡುತ್ತದೆ? ರಾಯಲ್ಟಿ ಅಕೌಂಟ್ಸ್, ಅಂದರೆ ತೆಗೆದ ಮಾಲಿನ ಲೆಕ್ಕದಲ್ಲಿ ಮಾಲೀಕನಿಗೆ ಕೊಡುವ ಹಣದ ಲೆಕ್ಕ, ಇಟ್ಟುಕೊಂಡು ತೋರಿಸಿ ನೋಡೋಣ. ನೀವು ಸಂಡೂರಿನವರು, ಗಣಿ ಲೀಸು ನಿಮಗೆ ಹೇಳಿಕೊಡಬೇಕಾಗಿಲ್ಲ.

ಸಂಡೂರಿನವನು, ಈಗ ಬೆಂಗಳೂರು

ಆಗಲಿ ಸರ್. ಸೀನಿಯರ್ ಕೊಡಬೇಕಾದದ್ದು ಇಷ್ಟೇ. ಒಬ್ಬ ಗಣಿ ಲೀಸಿಗೆ ಹಿಡಿದಿದ್ದಾನೆ. ಟನ್ನಿಗೆ 20 ರೂಪಾಯಿ ರಾಯಲ್ಟಿ, ವರ್ಷಕ್ಕೆ ಕನಿಷ್ಠ ಬಾಡಿಗೆ 2,00,000. ಮೊದಲ ವರ್ಷ 8,000 ಟನ್ ಅದಿರು ತೆಗೆದ, ಎರಡನೇ ವರ್ಷ 13,000 ಟನ್.

ಈಗ ಪ್ರಶ್ನೆ. ಮೊದಲ ವರ್ಷದ ರಾಯಲ್ಟಿ ಎಷ್ಟು? ಯಾರಾದರೂ 1,60,000 ಅನ್ನುತ್ತಾರೆ. ಹಾಗಾದರೆ ಭೂಮಾಲೀಕನಿಗೆ ಅಷ್ಟೇ ಕೊಟ್ಟರೆ ನಡೆಯುತ್ತಾ? ಇಲ್ಲ, ಕನಿಷ್ಠ 2,00,000 ಕೊಡಲೇಬೇಕು. ಹೆಚ್ಚಿಗೆ ಕೊಟ್ಟ 40,000 ಎಲ್ಲಿಗೆ ಹೋಯಿತು? ಇಲ್ಲಿ ಸೀನಿಯರ್ ಬಾಯಿ ಮುಚ್ಚಿಕೊಂಡು ಕಾಯಬೇಕು, ಇದೇ ಕಷ್ಟದ ಭಾಗ. ಯಾರೋ ಒಬ್ಬರು, ಅದು ಮುಂದೆ ಮುರಿದುಕೊಳ್ಳಬಹುದಲ್ಲ ಅನ್ನುತ್ತಾರೆ. ಅಲ್ಲಿಗೆ ಶಾರ್ಟ್ ವರ್ಕಿಂಗ್ಸ್, ಅಂದರೆ ರಾಯಲ್ಟಿಗಿಂತ ಹೆಚ್ಚಿಗೆ ಕೊಟ್ಟ ಹಣದ ವಿಷಯ, ಅವರದೇ ಬಾಯಿಂದ ಬಂತು. ಎರಡನೇ ವರ್ಷ ರಾಯಲ್ಟಿ 2,60,000, ಕನಿಷ್ಠಕ್ಕಿಂತ 60,000 ಹೆಚ್ಚು. ಅದರಲ್ಲಿ ಹಿಂದಿನ 40,000 ಮುರಿದುಕೊಂಡು 2,20,000 ಕೊಟ್ಟರೆ ಸಾಕು.

ಆಮೇಲೆ ಕೊನೆಯ ಪ್ರಶ್ನೆ: ಎರಡನೇ ವರ್ಷವೂ ಉತ್ಪಾದನೆ ಕಡಿಮೆ ಆಗಿ, ಮುರಿದುಕೊಳ್ಳುವ ಅವಧಿ ಮುಗಿದುಹೋದರೆ ಆ 40,000 ಏನಾಗುತ್ತದೆ? ಅದು ಲಾಭ-ನಷ್ಟ ಖಾತೆಗೆ ಹೋಗಬೇಕು ಅಂತ ಗುಂಪು ತಾನೇ ಹೇಳುವವರೆಗೆ ಎದ್ದು ಹೋಗಬಾರದು. ಒಂದು ತಾಸಿನಲ್ಲಿ ಒಂದೇ ಪ್ರಾಬ್ಲಂ ಆದರೂ ಪರವಾಗಿಲ್ಲ. ಕೋಷ್ಟಕ ಬಾಯಿಪಾಠ ಮಾಡಿದವನಿಗೆ ಪರೀಕ್ಷೆಯಲ್ಲಿ ಅಂಕಿ ಬದಲಾದರೆ ಕೈ ನಡುಗುತ್ತದೆ, ಇವರಿಗೆ ನಡುಗುವುದಿಲ್ಲ.

ಅತಿಥಿ ಉಪನ್ಯಾಸಕಿ, ರಾಯಚೂರು

ಓದಲು ಚೆನ್ನಾಗಿದೆ. ನನ್ನ ಪ್ರಶ್ನೆ, ಈ ಕೆಲಸ ಯಾರ ತಲೆಗೆ ಬರುತ್ತದೆ? ನಮ್ಮ ಎಷ್ಟೋ ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊತ್ತವರು ಅತಿಥಿ ಉಪನ್ಯಾಸಕರು. 2023ರ ನವೆಂಬರ್‌ನಿಂದ ರಾಜ್ಯದಾದ್ಯಂತ ನಾವು ಮುಷ್ಕರ ಕೂತಾಗ ತರಗತಿಗಳೇ ನಿಂತವು, ಅದರಿಂದಲೇ ನಮ್ಮ ಭಾರ ಎಷ್ಟು ಅಂತ ತಿಳಿಯುತ್ತದೆ. ವಾರಕ್ಕೆ ಇಂತಿಷ್ಟು ಗಂಟೆ ಲೆಕ್ಕದ ನೇಮಕ, ಮುಂದಿನ ವರ್ಷ ಇದೇ ಕಾಲೇಜು ಸಿಗುತ್ತದೋ ಇಲ್ಲವೋ. ಮೆಂಟರ್ ಅಂತ ನನ್ನ ಹೆಸರಿಗೆ ಬರೆದ ಮಕ್ಕಳನ್ನು ಮೂರು ವರ್ಷ ಹಿಂಬಾಲಿಸುವುದು ನನ್ನ ಕೈಲಿಲ್ಲ. ಮನಸ್ಸಿಲ್ಲ ಅಂತ ಯಾರೂ ತಿಳಿಯಬಾರದು.

ಎರಡನೆಯದು, ಸೀನಿಯರ್‌ಗಳು. 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪಠ್ಯಕ್ರಮ ಬಂತು, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿ, ಹೊಸ ಪಠ್ಯಕ್ರಮಕ್ಕೆ ಬಂತು. ಸೀನಿಯರ್ ಓದಿದ್ದು ಒಂದು, ಜೂನಿಯರ್‌ಗೆ ಬಂದದ್ದು ಇನ್ನೊಂದು. ಹಳೇ ನೋಟ್ಸ್ ಜೆರಾಕ್ಸ್ ಹಂಚಿ ಮಕ್ಕಳು ದಾರಿ ತಪ್ಪಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಮೂರನೆಯದು, ದಯವಿಟ್ಟು ಸೀನಿಯರ್‌ಗಳನ್ನು ಬಿಟ್ಟಿ ದುಡಿಸಬೇಡಿ. ನಮ್ಮನ್ನು ದುಡಿಸಿಕೊಂಡಂತೆ ಅವರನ್ನೂ ದುಡಿಸಿಕೊಳ್ಳುವುದು ಬೇಡ.

ಸಂಡೂರಿನವನು, ಈಗ ಬೆಂಗಳೂರು

ಮೇಡಂ, ಮೂರೂ ಮಾತು ಒಪ್ಪುತ್ತೇನೆ. ಅಲ್ಲಿ ಸೀನಿಯರ್‌ಗಳಿಗೆ ಗಂಟೆ ಲೆಕ್ಕದಲ್ಲಿ ಸಂಬಳ ಇತ್ತು, ಅವರಿಗೆ ತರಬೇತಿ ಕೊಡಲು ಪ್ರತ್ಯೇಕ ಸಿಬ್ಬಂದಿ ಇದ್ದರು. ಅದನ್ನು ಬಿಟ್ಟು ಉಳಿದದ್ದಷ್ಟೇ ಇಲ್ಲಿಗೆ ತಂದರೆ ಅನ್ಯಾಯ. ಪಠ್ಯಕ್ರಮ ಬದಲಾದ ಕಾರಣಕ್ಕೇ ಸೀನಿಯರ್ ಮತ್ತೆ ತರಗತಿಯಲ್ಲಿ ಕೂರಬೇಕು ಎಂಬ ನಿಯಮ ಇಲ್ಲಿ ಇನ್ನೂ ಮುಖ್ಯ. ಹಳೇ ನೋಟ್ಸ್ ತರುವ ಹಾಗಿಲ್ಲ, ಈ ವಾರ ನಡೆದ ಪಾಠವೇ ವಸ್ತು.

ಗಣಿತ ಎಂಎಸ್ಸಿ, ಸಿಂಧನೂರು

ಇದೇ ಸಾಲಿನಲ್ಲಿ ಇನ್ನೊಂದು ಸೇರಿಸುತ್ತೇನೆ. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞ, ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಏಕೆ ಹಿಂದೆ ಬೀಳುತ್ತಾರೆ ಅಂತ ನೋಡಲು ಅವರು ಓದುವ ಜಾಗಕ್ಕೇ ಹೋದರು. ಶ್ರಮ ಕಡಿಮೆ, ಮನೆಯ ಒತ್ತಾಸೆ ಕಡಿಮೆ ಅಂತೆಲ್ಲ ಅಧ್ಯಾಪಕರು ಊಹಿಸಿದ್ದರು. ಟ್ರೈಸ್‌ಮನ್ ಕಂಡದ್ದು ಬೇರೆ. ಕಪ್ಪು ವಿದ್ಯಾರ್ಥಿಗಳು ಬಹಳ ಹೊತ್ತು ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮೂಲದ ಮಕ್ಕಳು ತಾವು ಮಾಡಿದ ಲೆಕ್ಕ ಒಟ್ಟಿಗೆ ಕೂತು ತಾಳೆ ನೋಡುತ್ತಿದ್ದರು. ಆಮೇಲೆ ಟ್ರೈಸ್‌ಮನ್ ಕಟ್ಟಿದ ಗುಂಪುಗಳಲ್ಲಿ ಸುಲಭದ ಲೆಕ್ಕ ಕೊಡಲಿಲ್ಲ, ತರಗತಿಗಿಂತ ಕಠಿಣವಾದದ್ದನ್ನೇ ಕೊಟ್ಟರು. ನಮ್ಮಲ್ಲಿ ನೆರವು ಅಂದರೆ ಎರಡು ಅಂಕದ ಪ್ರಶ್ನೆ ಗುರುತು ಹಾಕಿಕೊಡುವುದು ಅಂತ ಆಗಿದೆ. ಹಳ್ಳಿ ಹುಡುಗರಿಗೆ ಅಷ್ಟೇ ಸಾಕು ಎಂಬ ಭಾವನೆ ಇದೆಯಲ್ಲ, ಅದು ನನಗೆ ಬಹಳ ಸಂಕಟ ಕೊಡುತ್ತದೆ.

ಭಾಷೆಯ ವಿಷಯ. ಬಿಎಸ್ಸಿಯಲ್ಲಿ ಪಾಠ, ಪುಸ್ತಕ ಎಲ್ಲ ಇಂಗ್ಲಿಷ್. ಎಸ್‌ಎಸ್‌ಎಲ್‌ಸಿ ತನಕ ಕನ್ನಡದಲ್ಲಿ ಓದಿದ ಹುಡುಗಿ ಕ್ಲಾಸಿನಲ್ಲಿ ಕೈ ಎತ್ತಿ ಪ್ರಶ್ನೆ ಕೇಳಲ್ಲ, ವಾಕ್ಯ ತಪ್ಪಾದೀತು ಅಂತ. ಗುಂಪಿನಲ್ಲಿ ಕನ್ನಡದಲ್ಲಿ ಜಗಳ ಆಡಿ ಅರ್ಥ ಮಾಡಿಕೊಳ್ಳಲಿ, ಬರೆಯುವುದು ಇಂಗ್ಲಿಷಿನಲ್ಲಿ ಬರೆಯಲಿ.

ಬ್ರೈಲ್ ಓದುಗ, ಹೊಸಪೇಟೆ

ನಮ್ಮ ಜಿಲ್ಲೆ ಈಗ ವಿಜಯನಗರ ಆದರೂ ನಾನು ಓದಿದ್ದು ಬಳ್ಳಾರಿಯಲ್ಲಿ, ಹಾಗಾಗಿ ಬರೆಯುತ್ತಿದ್ದೇನೆ. ನೆರವಿನ ಮಾತು ಬಂದಾಗ ಅಂಗವಿಕಲ ವಿದ್ಯಾರ್ಥಿಗಳ ನೆನಪು ಕೊನೆಗೆ ಬರುತ್ತದೆ. 2016ರ ಕಾಯ್ದೆ ಪ್ರಕಾರ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇದ್ದವರು ಬೆಂಚ್‌ಮಾರ್ಕ್ ವರ್ಗಕ್ಕೆ ಬರುತ್ತಾರೆ. 2018ರ ಕೇಂದ್ರ ಮಾರ್ಗಸೂಚಿಯಲ್ಲಿ ಲಿಪಿಕಾರರ ಸೌಲಭ್ಯ ಮತ್ತು ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇದೆ. 3 ಗಂಟೆ ಪರೀಕ್ಷೆಗೆ ಪೂರ್ತಿ 1 ಗಂಟೆ. ಇದನ್ನು ಪರೀಕ್ಷೆಯ ದಿನ ಕೊಠಡಿ ಮೇಲ್ವಿಚಾರಕರ ಹತ್ತಿರ ಕೇಳಬಾರದು, ಅರ್ಜಿ ಹಾಕುವಾಗಲೇ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಪ್ರತಿ ಕೊಟ್ಟು ಲಿಖಿತವಾಗಿ ಕೇಳಿ ಸ್ವೀಕೃತಿ ತೆಗೆದುಕೊಳ್ಳಿ. ನನಗೆ ಇದನ್ನು ಹೇಳಿದ್ದು ಕಚೇರಿಯಲ್ಲ, ಒಬ್ಬ ಸೀನಿಯರ್.

ಗುಂಪು ಓದು ಶುರು ಮಾಡಿದರೆ ಒಂದು ಕೇಳಿಕೆ: ಬೋರ್ಡ್ ಮೇಲೆ ಬರೆದದ್ದನ್ನು ಬಾಯಿಬಿಟ್ಟು ಓದಿ. ಅಷ್ಟಾದರೆ ನಾವೂ ಬರುತ್ತೇವೆ.

ಗಂಗಾವತಿ ಅಕ್ಕ

ತಮ್ಮನ್ನ ಓದಸಾಕತ್ತೀನ್ರಿ, ಅಪ್ಪ ಇಲ್ಲ. ಓದು ಬಿಡೋದಕ್ಕ ಪಾಠ ಒಂದೇ ಕಾರಣ ಅಲ್ಲ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯೊಳಗ ಅರ್ಜಿ ಹಾಕಿದ್ವಿ, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಜೋಡಣಿ) ಆಗಿಲ್ಲ ಅಂತ ದುಡ್ಡು ಬರಲಿಲ್ಲ. ಯಾರ ಹತ್ರ ಕೇಳಬೇಕು ಅಂತ ಅವಗ ತಿಳೀಲಿಲ್ಲ, ಫೀಸ್ ಕಟ್ಟೂ ಟೈಮಿಗೆ ಕೂಲಿಗೆ ಹೊಂಟ. ಕಾಲೇಜಿನ್ಯಾಗ ಒಬ್ಬರಾದ್ರೂ ಇಂಥಾ ವಿಷಯಕ್ಕಂತ ಕುಂತಿರಬೇಕ್ರಿ. ಒಂದು ಕುರ್ಚಿ, ಒಂದು ಟೇಬಲ್ ಸಾಕು.

ನಿವೃತ್ತ ಪ್ರಾಂಶುಪಾಲ, ಬಳ್ಳಾರಿ

ತಂಗಿ, ನಿನ್ನ ತಮ್ಮನಿಗೆ ಮೊದಲು ಬ್ಯಾಂಕಿಗೆ ಹೋಗಿ ಆಧಾರ್ ಎನ್‌ಪಿಸಿಐಗೆ (ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ಜೋಡಣೆ ಆಗಿದೆಯಾ ಅಂತ ಕೇಳಲು ಹೇಳು. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟ ಮಾತ್ರಕ್ಕೆ ಅದು ಆಗಿರುವುದಿಲ್ಲ, ಎರಡೂ ಬೇರೆ. ಆಮೇಲೆ ಕಾಲೇಜಿನ ವಿದ್ಯಾರ್ಥಿವೇತನ ವಿಷಯ ನಿರ್ವಾಹಕರ ಹತ್ತಿರ ಅರ್ಜಿಯ ಸ್ಥಿತಿ ನೋಡಿಸಲಿ.

ಕಾಲೇಜಿನಲ್ಲಿ ಯಾರೂ ಕೇಳದಿದ್ದರೆ ಏನು ಅಂತ ಇಲ್ಲಿ ಯಾರೂ ಬರೆದಿಲ್ಲ. 2023ರಲ್ಲಿ ಯುಜಿಸಿ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಗೆ ಹೊಸ ನಿಯಮಾವಳಿ ತಂದಿದೆ. ಸಮಿತಿಯಲ್ಲಿ ಮಹಿಳೆಯೊಬ್ಬರು, ಎಸ್‌ಸಿ, ಎಸ್‌ಟಿ ಅಥವಾ ಒಬಿಸಿಗೆ ಸೇರಿದವರೊಬ್ಬರು ಇರಲೇಬೇಕು, ವಿದ್ಯಾರ್ಥಿ ಪ್ರತಿನಿಧಿಯನ್ನೂ ಕರೆಯಬೇಕು. ದೂರು ಬಂದ 15 ಕೆಲಸದ ದಿನಗಳೊಳಗೆ ವರದಿ ಕೊಡುವುದು ಅಪೇಕ್ಷಿತ. ತೃಪ್ತಿ ಆಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್, ಅಂದರೆ ದೂರುಗಳ ಮೇಲ್ಮನವಿ ಕೇಳುವ ಅಧಿಕಾರಿ, ಹತ್ತಿರ ಮೇಲ್ಮನವಿ ಹಾಕಬಹುದು. ನಮ್ಮ ಭಾಗದಲ್ಲಿ ವಿವಿಗಳು ಹೊಸದಾಗಿ ಹುಟ್ಟಿವೆ: ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿವಿ 2010ರದು, ರಾಯಚೂರು ಮತ್ತು ಕೊಪ್ಪಳದ್ದು ಆಮೇಲಿನವು. ಆದ್ದರಿಂದ ಬ್ಯಾಕ್ ಉಳಿದವರು ತಮ್ಮ ಅಂಕಪಟ್ಟಿ ಯಾವ ವಿವಿಯ ಹೆಸರಲ್ಲಿದೆ ನೋಡಿಕೊಂಡು ಅರ್ಜಿ ಬರೆಯಬೇಕು. ತಪ್ಪು ವಿವಿಗೆ ಬರೆದು ಕೂತರೆ ಪರೀಕ್ಷೆಯ ದಿನಾಂಕವೇ ದಾಟಿಹೋಗುತ್ತದೆ.

ಜೀನ್ಸ್ ಯೂನಿಟ್ ನೈಟ್ ಶಿಫ್ಟ್, ಬಿಎಸ್ಸಿ

ನಮ್ ಕ್ಲಾಸ್‌ಮೇಟ್ ಒಬ್ಬ ರಿಸಲ್ಟ್ ಬಂದ್ಮೇಲೆ ರೂಮಿಂದ ಆಚೆ ಬರ್ತಿರಲಿಲ್ಲ. ಅಂಥೋರಿಗೆ ಮನಸಿನ ಕಷ್ಟ ಹೇಳ್ಕೊಳ್ಳೋ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಐತೆ, 14416. ಫ್ರೀ, ರಾತ್ರಿನೂ ಎತ್ತುತಾರೆ, ಕನ್ನಡದಾಗೆ ಮಾತಾಡ್ತಾರೆ. ಕಾಲೇಜ್ ಗೋಡೆ ಮೇಲೆ ದೊಡ್ಡದಾಗಿ ಬರೆಸ್ರಿ ಸರ್.

ಮಾನ್ವಿ ಕಡೆಯಾಕಿ, ಬಿಎ ಎರಡನೇ ವರ್ಷ

ಎಲ್ಲಾರೂ ಪದ್ಧತಿ ಬಗ್ಗೆ ಬರದ್ರಿ, ಟೈಮು ಯಾರೂ ಹೇಳಲಿಲ್ಲಲ್ರಿ. ಬಸ್ಸಿನ ಹುಡುಗ್ಯಾರು, ಸಂಜಿ ಕೆಲಸಕ್ಕ ಹೋಗೋ ಹುಡುಗರು, ಇಬ್ಬರಿಗೂ ಸಂಜಿ ಆಗಂಗಿಲ್ಲ. ನಮ್ಮೂರ ಬಸ್ಸು ಮುಂಜಾನೆ ಲಗೂನ ಬಿಡ್ತೈತಿ, ಕಾಲೇಜು ಗೇಟಿನ್ಯಾಗ ಒಂದು ತಾಸು ಸುಮ್ಮ ನಿಂತಿರ್ತೀವಿ. ಆ ಹೊತ್ತಿನ್ಯಾಗ ಒಂದು ರೂಮಿನ ಕೀಲಿ ತಗೀರಿ ಸಾಕು.

ಅತಿಥಿ ಉಪನ್ಯಾಸಕಿ, ರಾಯಚೂರು

ಈ ಹುಡುಗಿ ಹೇಳಿದ್ದು ನಮ್ಮ ಟೈಮ್ ಟೇಬಲ್ ಸಮಿತಿಗಳು ಓದಬೇಕು. ಮೊದಲ ಪಿರಿಯಡ್‌ಗೆ ಮುಂಚಿನ ಆ ಒಂದು ತಾಸು ನಮ್ಮ ಕಾಲೇಜಿನಲ್ಲೂ ಹಾಗೇ ವ್ಯರ್ಥ ಹೋಗುತ್ತದೆ. ಗೌರವಧನದ ಮಾತು ಮಾತ್ರ ಬಿಡುವುದಿಲ್ಲ ಸರ್, ಉತ್ತರ ಬೇಕು.

ಕಾಮರ್ಸ್ ಉಪನ್ಯಾಸಕ, ಕೊಪ್ಪಳ ಜಿಲ್ಲೆ

ಮೇಡಂ, ಉತ್ತರ ಇದು. ಸರ್ಕಾರಿ ಪದವಿ ಕಾಲೇಜುಗಳಿಗೆ ಕಾಲೇಜು ಅಭಿವೃದ್ಧಿ ಸಮಿತಿ ಇದೆ, ಶಾಸಕರು ಅಧ್ಯಕ್ಷರು. ಎರಡು ಸೀನಿಯರ್‌ಗಳಿಗೆ ಸೆಮಿಸ್ಟರ್ ಪೂರ್ತಿ ಗೌರವಧನ ಕೊಡುವ ಪ್ರಸ್ತಾವ ಬರೆದು ಪ್ರಾಂಶುಪಾಲರ ಮೂಲಕ ಸಮಿತಿಯ ಸಭೆಗೆ ಇಡಿಸುತ್ತೇನೆ. ಅಲ್ಲಿ ಒಪ್ಪಿಗೆ ಸಿಗುವ ತನಕ ಸೀನಿಯರ್‌ಗಳನ್ನು ಕೂರಿಸುವುದಿಲ್ಲ, ಆ ತಾಸು ನಾನೇ ಕೂರುತ್ತೇನೆ, ಪಾಠ ಮಾಡದೆ.

ಒಂದೇ ಪೇಪರ್, ಮೊದಲ ವರ್ಷದ ಅಕೌಂಟಿಂಗ್. ಪಟ್ಟಿ ಹಾಕುವುದಿಲ್ಲ, ಬಾಗಿಲು ಎಲ್ಲರಿಗೂ. ಮೊದಲ ಪಿರಿಯಡ್‌ಗೆ ಮುಂಚಿನ ತಾಸು. ದೀಪಾವಳಿ ನಂತರದ ವಾರಗಳಲ್ಲಿ ತಪ್ಪಿಹೋದ ಪಾಠಗಳನ್ನೇ ಹಿಡಿದು ಮತ್ತೆ ಮಾಡುವುದು. ಬೋರ್ಡ್ ಮೇಲಿನದನ್ನು ಬಾಯಿಬಿಟ್ಟು ಓದುವುದು. ಹಿಂದಿನ ಮೂರು ವರ್ಷದ ಫಲಿತಾಂಶ ವಿವಿ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್‌ನಿಂದ ತೆಗೆಸಿ ಈ ಪೇಪರ್‌ನಲ್ಲಿ ಉಳಿದವರ ಪ್ರಮಾಣ ಬರೆದಿಟ್ಟುಕೊಳ್ಳುತ್ತೇನೆ, ಸೆಮಿಸ್ಟರ್ ಕೊನೆಗೆ ಹೋಲಿಸಿ ಇಲ್ಲೇ ಹಾಕುತ್ತೇನೆ.

ಸಂಡೂರಿನವರೇ, ಆ ಗಣಿ ಲೀಸಿನ ಥರದ ಪ್ರಶ್ನೆಗಳು ಕನ್ಸೈನ್‌ಮೆಂಟ್‌ಗೂ (ಕಮಿಷನ್ ಮೇಲೆ ಮಾರಲು ಮಾಲು ಕಳಿಸುವುದು) ಹೈರ್ ಪರ್ಚೇಸ್‌ಗೂ (ಕಂತಿನ ಖರೀದಿ) ಬೇಕು. ಗಂಗಾವತಿ ಭತ್ತ, ರಾಯಚೂರು ಹತ್ತಿ, ಟ್ರ್ಯಾಕ್ಟರ್ ಕಂತು, ಯಾವುದಾದರೂ ಇಟ್ಟುಕೊಂಡು ಬರೆದುಕೊಡಿ.

ಸಂಡೂರಿನವನು, ಈಗ ಬೆಂಗಳೂರು

ಟ್ರ್ಯಾಕ್ಟರ್ ಕಂತಿನದು ಈ ಭಾನುವಾರ ಹಾಕುತ್ತೇನೆ ಸರ್. ಕನ್ಸೈನ್‌ಮೆಂಟ್‌ಗೆ ಗಂಗಾವತಿ ಅಕ್ಕ ಒಂದು ಸಹಾಯ ಮಾಡಬೇಕು: ಅಲ್ಲಿ ಅಕ್ಕಿ ಗಿರಣಿಯವರು ಹೊರಗಿನ ಊರಿಗೆ ಕಮಿಷನ್ ಮೇಲೆ ಮಾಲು ಕಳಿಸುವಾಗ ಲಾರಿ ಬಾಡಿಗೆ, ಹಮಾಲಿ ಯಾರ ಲೆಕ್ಕಕ್ಕೆ ಬರೆಯುತ್ತಾರೆ ಅಂತ ಕೇಳಿ ತಿಳಿಸಿ.

ಗಂಗಾವತಿ ಅಕ್ಕ

ಓಣ್ಯಾಗ ಗಿರಣಿ ಗುಮಾಸ್ತರು ಅದಾರ, ನಾಳಿ ಕೇಳಿ ಬರೀತೀನಿ. ತಮ್ಮನ್ನೂ ಕರಕೊಂಡು ಹೋಗ್ತೀನಿ, ಅವನೇ ಕೇಳಲಿ.